ನಲವತ್ತು ಸಾವಿರದವರೆಗೆ

ಮಾರ್ಚ್ ೪, ಸೋಮವಾರ

ಕೆಲಸ ಸಿಕ್ಕಿತು. ಲಾರಿ ಡ್ರೈವರ್ ಕೆಲಸ. ಬರೆದು ನೋಡಿದರೆ ನಿಜ ಅನಿಸೀತೇನೋ ಎಂದು ಬರೆಯುತ್ತಿದ್ದೇನೆ, ಇನ್ನೂ ಅನಿಸುತ್ತಿಲ್ಲ.

ಹದಿನೆಂಟು ವರ್ಷ ಸಿಟಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದೆ. ಹೋದ ವರ್ಷ ಬಾಗಿಲ ಪಕ್ಕದಲ್ಲಿ ಒಂದು ಪೆಟ್ಟಿಗೆ ತಂದು ಕೂರಿಸಿದರು. ಕಾರ್ಡು ಮುಟ್ಟಿಸಿದರೆ ಅದೇ ಟಿಕೆಟ್ ಕೊಡುತ್ತದೆ. ಕಂಡಕ್ಟರುಗಳಿಗೆಲ್ಲ ಒಂದೊಂದು ಹೂಗುಚ್ಛ ಕೊಟ್ಟು, ಚಪ್ಪಾಳೆ ತಟ್ಟಿ ಮನೆಗೆ ಕಳಿಸಿದರು. ಡ್ರೈವರುಗಳನ್ನು ಇಟ್ಟುಕೊಂಡರು. ಅವತ್ತೇ ತೀರ್ಮಾನಿಸಿದೆ, ಇನ್ನು ದುಡಿದರೆ ಸ್ಟೇರಿಂಗ್ ಹಿಡಿದೇ ದುಡಿಯುವುದು. ಕಲಿತೆ. ಪರೀಕ್ಷೆಯಲ್ಲಿ ಎರಡು ಸಲ ಡುಮ್ಕಿ ಹೊಡೆದೆ. ಮೂರನೆಯ ಸಲ ಪರೀಕ್ಷಕರಿಗೇ ನನ್ನ ಮುಖ ನೋಡಿ ಸಾಕಾಗಿತ್ತೋ ಏನೋ, ಭಾರಿ ವಾಹನದ ಲೈಸೆನ್ಸು ಕೈಗೆ ಬಂತು.

ಜಾಹೀರಾತಿನಲ್ಲಿ ಹೀಗಿತ್ತು: ಹೊಸ ಲಾರಿ ಚಾಲಕರು ಬೇಕು, ಅನುಭವ ಬೇಕಿಲ್ಲ, ತಿಂಗಳಿಗೆ ನಲವತ್ತು ಸಾವಿರದವರೆಗೆ. ಬಸ್ಸಿನಲ್ಲಿ ನಾನು ಇದರ ಅರ್ಧ ಕಂಡವಳು. ಇವತ್ತು ಮ್ಯಾನೇಜರ್ ನಗುನಗುತ್ತ ಮಾತಾಡಿಸಿದರು. ಆ ನಲವತ್ತು ಮೊದಲ ತಿಂಗಳಿಂದಲೇ ಬರುತ್ತದೆಯೇ ಎಂದು ಕೇಳಬೇಕೆಂದಿದ್ದೆ. ನಾಲಿಗೆಯ ತುದಿಗೆ ಬಂದದ್ದು ಅಲ್ಲೇ ಕೂತಿತು. ಅವರೇ, "ಸಂಬಳದ ವಿಷಯ ಆಮೇಲೆ ನೋಡೋಣಮ್ಮಾ, ಮೊದಲು ಗಾಡಿ ನೋಡಿ" ಎಂದರು. ಗಾಡಿ ನೋಡಿದೆ. ಹತ್ತಲು ಮೂರು ಮೆಟ್ಟಿಲು. ಕೇಳಬೇಕಾದ್ದೆಲ್ಲ ಮರೆತುಹೋಯಿತು.

ಮನೆಗೆ ಬಂದಾಗ ಅತ್ತೆ ಕೇಳಿದ್ದು ಒಂದೇ ಮಾತು. "ಎಷ್ಟು?"

"ನಲವತ್ತು ಸಾವಿರ ಅತ್ತೆ."

'ವರೆಗೆ' ಅಂದೆನೋ ಇಲ್ಲವೋ ನೆನಪಿಲ್ಲ. ಇವರು ಕೆಲಸದಿಂದ ಬರುವಷ್ಟರಲ್ಲಿ ಅತ್ತೆ ಮಗನಿಗೆ ಸುದ್ದಿ ಹೇಳಲು ಬೀದಿಯ ತಿರುವಿನಲ್ಲೇ ನಿಂತಿದ್ದರಂತೆ. ಅಲ್ಲಿಂದ ಮನೆಯವರೆಗೂ ಯಾರ ಬಾಗಿಲನ್ನೂ ಬಿಟ್ಟಂತಿಲ್ಲ.

ಮಾರ್ಚ್ ೭, ಗುರುವಾರ

ಯಾರ್ಡಿನಲ್ಲಿ ನನ್ನನ್ನು ಒಬ್ಬ ಹಿರಿಯ ಡ್ರೈವರ್ ಜೊತೆ ಹಾಕಿದ್ದಾರೆ. ಎಲ್ಲರೂ ಅವರನ್ನು ಕೆಮ್ಮಣ್ಣ ಎನ್ನುತ್ತಾರೆ. ಕೆಮ್ಮಣ್ಣಿನ ಊರಿನವರಿರಬೇಕು ಅಂದುಕೊಂಡಿದ್ದೆ. ಅಲ್ಲ. ಮಾತಾಡುವ ಮುಂಚೆ ಒಂದು ಸಲ ಕೆಮ್ಮುತ್ತಾರೆ, ಅದಕ್ಕೆ ಕೆಮ್ಮಣ್ಣ. ಮೂವತ್ತು ವರ್ಷ ಓಡಿಸಿದವರು.

ನನ್ನ ಜೊತೆಗೇ ಸೇರಿದ ಇನ್ನೊಬ್ಬ ಹೊಸಬ ಮೊದಲು ಮನೆಗಳಿಗೆ ಬಣ್ಣ ಬಳಿಯುತ್ತಿದ್ದನಂತೆ. ಅವನ ಹೆಸರು ಪೇಂಟರ್ ಎಂದೇ ಉಳಿಯಿತು. ಚಾವಣಿಗೆ ಬಳಿದು ಬಳಿದು ಕುತ್ತಿಗೆ ಮೇಲಕ್ಕೇ ನೋಡಿಕೊಂಡು ನಿಂತುಬಿಟ್ಟಿದೆ, ಲಾರಿಯಲ್ಲಾದರೂ ಮುಂದೆ ನೋಡುವಂತಾಗಲಿ ಎಂದು ಬಂದೆ ಎನ್ನುತ್ತಾನೆ. ನಾನು ಕಂಡಕ್ಟರಮ್ಮ. ಇಲ್ಲಿ ಯಾರಿಗೂ ಹೆಸರು ಬೇಡ.

ಮೊದಲ ಸಲ ಸ್ಟೇರಿಂಗ್ ಕೊಟ್ಟರು. ಗೇರು ಹಾಕಿದೆ, ಗಾಡಿ ಬಿಡಲಿಲ್ಲ. ಕಾಲು ಕ್ಲಚ್ಚಿನ ಮೇಲೆಯೇ ಇತ್ತು.

ಕೆಮ್ಮಣ್ಣ ಕೆಮ್ಮಿದರು. "ಯಾಕಮ್ಮಾ, ಏನು ಕಾಯ್ತಿದ್ದೀಯ?"

ಆಗ ಗೊತ್ತಾಯಿತು. ಯಾರಾದರೂ ಹಿಂದಿನಿಂದ ರೈಟ್ ಅನ್ನಲಿ ಎಂದು ಕಾಯುತ್ತಿದ್ದೆ. ಹದಿನೆಂಟು ವರ್ಷ ಆ ಮಾತು ಅಂದವಳು ನಾನೇ. ಕೊನೆಗೆ ನಾನೇ ಮೆಲ್ಲಗೆ "ರೈಟ್" ಎಂದುಕೊಂಡು ಬಿಟ್ಟೆ. ಅವರು ಯಾರ್ಡು ದಾಟುವವರೆಗೂ ನಗುತ್ತಿದ್ದರು.

ಮಾರ್ಚ್ ೨೩, ಶನಿವಾರ

ಇವರು ಹೋಟೆಲಿನ ಲಾಂಡ್ರಿ ಕೆಲಸಕ್ಕೆ ರಾಜೀನಾಮೆ ಕೊಟ್ಟು ಬಂದಿದ್ದಾರೆ. ನೆಲಮಾಳಿಗೆಯಲ್ಲಿ ಕಿಟಕಿಯಿಲ್ಲದ ಕೋಣೆಯಲ್ಲಿ ಹನ್ನೊಂದು ವರ್ಷ ಬೇರೆಯವರ ಹಾಸಿಗೆ ಬಟ್ಟೆ ಮಡಿಚಿದರು. ಬೀದಿಯ ಮೂಲೆಯ ಅಂಗಡಿಗೆ ಮುಂಗಡ ಕೊಟ್ಟಾಯಿತಂತೆ. ಸ್ವಂತ ಲಾಂಡ್ರಿ. ಎರಡು ಕಿಟಕಿ ಇದೆ ಎಂದು ಮೂರು ಸಲ ಹೇಳಿದರು.

"ಮೊದಲ ಆರು ತಿಂಗಳು ಅಂಗಡಿ ಕಾಲೂರಲ್ಲ. ನಿನ್ನ ಸಂಬಳ ಇದೆಯಲ್ಲ, ನಡೆಯುತ್ತೆ" ಎಂದರು.

ಹೂಂ ಅಂದೆ. ಖುಷಿಯೇ ಆಯಿತು. ಖುಷಿಯ ಕೆಳಗೆ ಏನೋ ಸಣ್ಣಗೆ ಕುಟುಕುತ್ತಿತ್ತು.

ಏಪ್ರಿಲ್ ೫, ಶುಕ್ರವಾರ

ಸಂಬಳ ಬಂತು. ನಲವತ್ತರ ಅರ್ಧಕ್ಕೂ ಸ್ವಲ್ಪ ಕಡಿಮೆ.

ತಪ್ಪಾಗಿರಬೇಕೆಂದು ಲೆಕ್ಕ ನೋಡುವ ಹುಡುಗಿಯ ಹತ್ತಿರ ಹೋದೆ. ಅವಳು ಪಾಪ, ನಿಧಾನವಾಗಿ ಬಿಡಿಸಿ ಹೇಳಿದಳು. ಮೊದಲ ಮೂರು ತಿಂಗಳು ತರಬೇತಿ, ಅರ್ಧ ದರ. ಆಮೇಲೆ ಪೂರ್ತಿ ದರ, ಅದೂ ಓಡಿದ ಕಿಲೋಮೀಟರಿಗೆ ಇಷ್ಟು ಅಂತ. ಗಾಡಿ ನಿಂತರೆ ಸೊನ್ನೆ.

"ಹಾಗಾದ್ರೆ ಜಾಹೀರಾತಿನಲ್ಲಿ ನಲವತ್ತು ಅಂತ ಇತ್ತಲ್ಲಮ್ಮಾ?"

"ವರೆಗೆ ಅಂತ ಇತ್ತಲ್ಲ ಮೇಡಂ" ಎಂದಳು.

ಮೂರೇ ಅಕ್ಷರ. ಅಷ್ಟು ದೊಡ್ಡ ಸಂಖ್ಯೆಯ ಬಾಲಕ್ಕೆ ಕಟ್ಟಿದ್ದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಒಳಗಿದ್ದ ಮ್ಯಾನೇಜರ್ ನನ್ನನ್ನು ನೋಡಿ ನಕ್ಕರು. ನಾನೂ ನಕ್ಕು ಬಂದೆ. ಯಾಕೆ ನಕ್ಕೆನೋ.

ಏಪ್ರಿಲ್ ೬, ಶನಿವಾರ

ಬೆಳಗ್ಗೆ ಚಹಾ ಕುಡಿಯುವಾಗ ಇಬ್ಬರಿಗೂ ಹೇಳಿಬಿಟ್ಟೆ. ಇವರು ಲೋಟ ಕೆಳಗಿಟ್ಟು ತಮ್ಮ ಕೈ ನೋಡಿಕೊಂಡರು. ಅಂಗಡಿಯ ಗೋಡೆಗೆ ನಿನ್ನೆಯಷ್ಟೇ ಸುಣ್ಣ ಹೊಡೆಸಿದ್ದಾರೆ, ಬೆರಳ ಸಂದಿಯಲ್ಲಿ ಇನ್ನೂ ಬಿಳಿ ಇತ್ತು.

"ಬೀದಿಗೆಲ್ಲ ಹೇಳಿಬಿಟ್ಟಿದ್ದೀರಲ್ಲ ಅತ್ತೆ" ಎಂದೆ. ಅಳುವೇ ಬಂದಿತ್ತು.

ಅತ್ತೆ ಬಿಸ್ಕತ್ತು ಕಾರ್ಖಾನೆಯಲ್ಲಿ ಇಡೀ ಜೀವಮಾನ ಪೊಟ್ಟಣ ಕಟ್ಟಿದವರು. ಸಂಬಳ ಎಂಬುದರ ಎಲ್ಲ ಆಟವನ್ನೂ ನೋಡಿದ್ದಾರೆ. ಬ್ರೆಡ್ಡನ್ನು ಚಹಾದಲ್ಲಿ ಅದ್ದುತ್ತ ಹೇಳಿದರು. "ನಾನೇನು ಬೀದಿಗೆ ಸುಳ್ಳು ಹೇಳಿಲ್ಲ. ಸ್ವಲ್ಪ ಮುಂಚೆ ಹೇಳಿದ್ದೀನಿ, ಅಷ್ಟೆ. ಅದನ್ನ ನಿಜ ಮಾಡೋದು ನಿನ್ನ ಕೆಲಸ."

ಇವರು ಎದ್ದು ಅಂಗಡಿಗೆ ಹೋದರು. ಕದ ಹಾಕುವಾಗ, "ಎರಡು ಕಿಟಕಿ ಇದೆ ಕಣೇ, ಹೇಗೋ ಆಗುತ್ತೆ" ಎಂದರು.

ಏಪ್ರಿಲ್ ೧೬, ಮಂಗಳವಾರ

ಗೋದಾಮಿನ ಗೇಟಿನಲ್ಲಿ ಕೂತು ಬರೆಯುತ್ತಿದ್ದೇನೆ. ಬೆಳಗ್ಗೆ ಬಂದೆವು, ಈಗ ಮಧ್ಯಾಹ್ನ ಕಳೆಯಿತು. ನಮ್ಮ ಮುಂದೆ ಲಾರಿಗಳ ಸಾಲು ಒಂದು ಗೇಣೂ ಸರಿದಿಲ್ಲ. ಬಿಸಿಲು ಗಾಜಿನಿಂದಿಳಿದು ತೊಡೆಯ ಮೇಲೆ ಕೂತಿದೆ. ಇಲ್ಲಿ ಕೂತಷ್ಟು ಹೊತ್ತೂ ಸಂಬಳ ಇಲ್ಲ. ಹೋಗಿ ಮಲಗಿ ಬರುತ್ತೇನೆ ಅನ್ನುವಂತೆಯೂ ಇಲ್ಲ. ಸಾಲು ಸರಿದಾಗ ಗಾಡಿ ಸರಿಸದಿದ್ದರೆ ಹಿಂದಿನವನು ನುಗ್ಗುತ್ತಾನೆ.

ಪೇಂಟರ್ ಇದೇ ಸಾಲಿನಲ್ಲಿ ನಾಲ್ಕು ಗಾಡಿ ಹಿಂದಿದ್ದ. ನಮ್ಮ ಕ್ಯಾಬಿನ್ನಿಗೆ ಬಂದು ಕೂತ. "ನಾನು ಬಿಟ್ಟುಬಿಡ್ತೀನಿ ಅಕ್ಕ. ಗೋಡೆಗೆ ಬಣ್ಣ ಹೊಡೆದು ಒಣಗೋವರೆಗೂ ಕಾದಿದ್ದೀನಿ. ಆದರೆ ಒಣಗೋದಕ್ಕೂ ಸೇರಿಸಿ ದುಡ್ಡು ತಗೊಂಡಿದ್ದೀನಿ."

ಕೆಮ್ಮಣ್ಣ ಕೆಮ್ಮಿದರು. "ಮೊದಲನೇ ವರ್ಷ ಲಾರಿ ನಮ್ಮನ್ನ ತಿನ್ನುತ್ತೆ. ಎರಡನೇ ವರ್ಷದಿಂದ ನಾವು ಲಾರಿಯಿಂದ ತಿಂತೀವಿ. ಎಲ್ಲ ಕಡೆ ಹಾಗೇ. ಹೊಸಬ ಅಂದ್ರೆ ಕಮ್ಮಿ ಕೊಡ್ತಾರೆ, ಯಾಕಂದ್ರೆ ಗುದ್ದಿಕೊಂಡು ಬರ್ತಾನೆ ಅಂತ ಭಯ. ಗುದ್ದದೆ ಬಂದ್ರೆ ಜಾಸ್ತಿ ಆಗುತ್ತೆ. ಬೇರೆಯವರು ಬೇಡ ಅನ್ನೋ ಲೋಡು ಹೊತ್ರೆ ಇನ್ನೂ ಜಾಸ್ತಿ."

"ಕಾದಿದ್ದಕ್ಕೆ ಅಣ್ಣ?"

"ಕಾದಿದ್ದಕ್ಕೆ ಯಾರು ಕೊಡ್ತಾರಮ್ಮಾ" ಎಂದು ಕಿಟಕಿಯ ಆಚೆ ನೋಡಿದರು.

ಸಾಲು ಸರಿಯುತ್ತಿದೆ. ಸಾಕು.

ಏಪ್ರಿಲ್ ೩೦, ಮಂಗಳವಾರ

ಹಿಂದಕ್ಕೆ ತೆಗೆಯುವಾಗ ಗೇಟಿನ ಕಂಬಕ್ಕೆ ಉಜ್ಜಿದೆ. ಕನ್ನಡಿ ಪುಡಿಪುಡಿ. ಈ ತಿಂಗಳ ಸಂಬಳದಿಂದ ಹಿಡಿಯುತ್ತಾರೆ.

ಬರೆಯಲು ಮನಸ್ಸಿಲ್ಲ.

ಮೇ ೧, ಬುಧವಾರ

ಹೋಗಲೋ ಬೇಡವೋ ಎಂದು ಮಂಚದ ಮೇಲೇ ಕೂತಿದ್ದೆ. ಅತ್ತೆ ಬಂದು ಬೂಟು ತಂದಿಟ್ಟರು. ಹೋದೆ.

ಕೆಮ್ಮಣ್ಣ ಇಡೀ ಬೆಳಗ್ಗೆ ಅದೇ ಕಂಬದ ಪಕ್ಕ ಹಿಂದಕ್ಕೆ ತೆಗೆಸಿದರು. ಮಧ್ಯಾಹ್ನದ ಹೊತ್ತಿಗೆ ನನಗೂ ಕಂಬಕ್ಕೂ ರಾಜಿಯಾಯಿತು.

ಮೇ ೧೩, ಸೋಮವಾರ

ಒಬ್ಬಳೇ ಹೋಗಿ ಬಂದೆ!

ಪಕ್ಕದ ಸೀಟು ಖಾಲಿ. ಕೆಮ್ಮೂ ಇಲ್ಲ. ಮೊದಲ ಅರ್ಧ ಗಂಟೆ ಎದೆ ಎಂಜಿನ್ನಿಗಿಂತ ಜೋರಾಗಿ ಹೊಡೆದುಕೊಳ್ಳುತ್ತಿತ್ತು. ಆಮೇಲೆ ಊರು ಕಳಚಿಕೊಂಡಿತು, ರಸ್ತೆ ಬಿಚ್ಚಿಕೊಂಡಿತು. ಬೆಟ್ಟದ ಇಳಿಜಾರಿನಲ್ಲಿ ಗೇರು ಇಳಿಸಿ, ಬ್ರೇಕಿಗೆ ಹೆಚ್ಚು ಕಾಲಿಡದೆ, ಲಾರಿಯ ಭಾರವನ್ನು ಎಂಜಿನ್ನೇ ತಡೆದು ಹಿಡಿಯುವಂತೆ ಮೆಲ್ಲಗೆ ಇಳಿಸಿದೆ. ಕೆಳಗೆ ಬಯಲೆಲ್ಲ ಹರಡಿಕೊಂಡಿತ್ತು, ಮೋಡದ ನೆರಳುಗಳು ಅದರ ಮೇಲೆ ತೇಲುತ್ತಿದ್ದವು. ಬಸ್ಸಿನಲ್ಲಿ ಇಷ್ಟು ವರ್ಷ ಓಡಾಡಿದ್ದೇನೆ, ಆದರೆ ನನ್ನ ಮುಖ ಯಾವಾಗಲೂ ಜನರ ಕಡೆ ಇರುತ್ತಿತ್ತು. ಮುಂದಿನ ಗಾಜಿನಿಂದ ರಸ್ತೆ ಹೀಗೆ ಕಾಣುತ್ತದೆಂದು ಗೊತ್ತೇ ಇರಲಿಲ್ಲ.

ತಿರುಗಿ ಬಂದು ಗಾಡಿ ನಿಲ್ಲಿಸಿದಾಗ ಪೇಂಟರ್ ಟಾರ್ಪಾಲು ಮಡಿಚುತ್ತಿದ್ದ. "ಏನಕ್ಕ, ಲಾರಿ ಪೂರ್ತಿ ವಾಪಸ್ ತಂದಿದ್ದೀಯಲ್ಲ" ಎಂದ. ಅವನೂ ಬಿಟ್ಟು ಹೋಗಿಲ್ಲ.

ಜೂನ್ ೬, ಗುರುವಾರ

ಗಾಜಿನ ಕಾರ್ಖಾನೆಯಿಂದ ಲೋಡು ಬಂದಿತ್ತು, ಆಳೆತ್ತರದ ಕಿಟಕಿ ಗಾಜುಗಳು. ಯಾರೂ ಒಪ್ಪುವುದಿಲ್ಲ ಅದಕ್ಕೆ. ನಿಧಾನ ಹೋಗಬೇಕು, ಒಡೆದರೆ ತಲೆನೋವು. ಮ್ಯಾನೇಜರ್ ನನ್ನ ಕಡೆ ನೋಡಿ ನಕ್ಕರು. ಹೊಸಬಳು, ಬೇಡ ಅನ್ನಲಾರಳು ಎಂದು ಅವರಿಗೆ ಗೊತ್ತು.

ಒಂದು ಹಾಳೆಯೂ ಒಡೆಯಲಿಲ್ಲ. ಒಂದು ಗೀರೂ ಇಲ್ಲ. ಕಾರ್ಖಾನೆಯ ಕಡೆಯಿಂದ ಸರಕು ಕಳಿಸುವ ಹೆಂಗಸೊಬ್ಬರು ತಲುಪಿಸುವ ಜಾಗಕ್ಕೂ ಬಂದಿದ್ದರು. ಪ್ರತಿ ಗಾಜನ್ನೂ ಬೆಳಕಿಗೆ ಹಿಡಿಸಿ ನೋಡಿದರು. ಕೊನೆಗೆ ನನ್ನ ಹತ್ತಿರ ಬಂದು, "ಎಲ್ಲಿ ಕಲಿತ್ರಿ ಹೀಗೆ ಓಡಿಸೋದು?" ಎಂದು ಕೇಳಿದರು.

ಏನು ಹೇಳಲಿ? "ನಾನು ಬಸ್ಸಲ್ಲಿ ನಿಂತುಕೊಂಡೇ ಹದಿನೆಂಟು ವರ್ಷ ಕಳೆದೋಳು ಮೇಡಂ. ಡ್ರೈವರ್ ಬ್ರೇಕ್ ಹಾಕಿದ್ರೆ ಹಿಂದೆ ನಿಂತೋರ ಕಾಲಿಗೆ ಏನಾಗುತ್ತೆ ಅಂತ ನನ್ನ ಕಾಲಿಗೆ ಗೊತ್ತು. ಗಾಜುಗಳೂ ಹಿಂದೆ ನಿಂತಿದ್ವಲ್ಲ. ಮುದುಕರನ್ನ ನಿಲ್ಲಿಸಿಕೊಂಡು ಹೋದ ಹಾಗೆ ಹೋದೆ."

ಅವರು ಒಂದು ಗಳಿಗೆ ನನ್ನನ್ನೇ ನೋಡಿ, "ಇನ್ಮೇಲೆ ನಿಮ್ಮನ್ನೇ ಕಳಿಸಿ ಅಂತ ಹೇಳ್ತೀನಿ" ಎಂದರು. ಚಹಾ ಕುಡಿಯುವಾಗ ಮಾತಿಗೆ ಮಾತು ಬಂದು ಇನ್ನೊಂದನ್ನೂ ಹೇಳಿದರು: ನಮ್ಮ ಗೇಟಿನಲ್ಲಿ ಲಾರಿ ಕಾದರೆ ಕಾದ ಗಂಟೆಗಳಿಗೆ ನಾವು ನಿಮ್ಮ ಕಂಪನಿಗೆ ದುಡ್ಡು ಕಟ್ಟುತ್ತೇವೆ, ಅದು ನಿಮಗೂ ಬರುತ್ತದಲ್ಲ? ನಾನು ಚಹಾ ಒಂದೇ ಗುಟುಕಿಗೆ ಮುಗಿಸಿ ಎದ್ದೆ.

ಜೂನ್ ೨೮, ಶುಕ್ರವಾರ

ತರಬೇತಿಯ ಮೂರು ತಿಂಗಳು ಮುಗಿದು ದಿನಗಳಾದವು. ಇವತ್ತು ಮ್ಯಾನೇಜರ್ ನನ್ನನ್ನೂ ಪೇಂಟರನ್ನೂ ಕರೆದು, ತುಂಬ ಚೆನ್ನಾಗಿ ಮಾಡುತ್ತಿದ್ದೀರಿ ಎಂದು ಹೊಗಳಿದರು. ಅದೇ ಉಸಿರಿನಲ್ಲಿ, ತರಬೇತಿಯ ಅವಧಿಯನ್ನು ಆರು ತಿಂಗಳು ಮಾಡಿದ್ದೇವೆ ಎಂದರು. ಮೂಗಿಗೆ ತುಪ್ಪ ಸವರುವುದು ಅಂದರೆ ಇದೇ. ನೆಕ್ಕಲೂ ಆಗದು, ವಾಸನೆ ಮಾತ್ರ ಬರುತ್ತಿರುತ್ತದೆ.

ಪೇಂಟರ್ ನನ್ನ ಮುಖ ನೋಡಿದ. ನಾನು ನೆಲ ನೋಡಿದೆ. ಥೂ.

ಜುಲೈ ೫, ಶುಕ್ರವಾರ

ಅರ್ಧ ಸಂಬಳವೇ.

ಅಂಗಡಿ ಶುರುವಾಗಿ ತಿಂಗಳಾಗುತ್ತ ಬಂತು. ಸಂಜೆ ಯಾರ್ಡಿನಿಂದ ಬರುತ್ತ ಅಲ್ಲಿಗೆ ಹೋದೆ. ಇವರು ಒಬ್ಬರ ಅಂಗಿಯ ಕಾಲರನ್ನು ಮಗುವಿನ ಗಲ್ಲ ಹಿಡಿದ ಹಾಗೆ ಹಿಡಿದು ಇಸ್ತ್ರಿ ಮಾಡುತ್ತಿದ್ದರು. ಎರಡೂ ಕಿಟಕಿ ತೆಗೆದಿದ್ದವು. ಗಿರಾಕಿಗಳು ಬರುತ್ತಿದ್ದಾರೆ, ಆದರೆ ಬಾಡಿಗೆಗೆ ಸಾಕಾಗುವಷ್ಟಲ್ಲ. ಇನ್ನೆರಡು ತಿಂಗಳು ಹೀಗೇ ಆದರೆ ಮುಚ್ಚಬೇಕಾಗುತ್ತದೆ, ಹೋಟೆಲಿನವರು ಮತ್ತೆ ತೆಗೆದುಕೊಳ್ಳುತ್ತಾರೇನೋ ವಿಚಾರಿಸಿದ್ದೇನೆ ಎಂದರು. ಮುಖ ಎತ್ತದೆ ಹೇಳಿದರು.

ಮನೆಗೆ ಬಂದು ಅತ್ತೆಯ ಮುಂದೆ ಮ್ಯಾನೇಜರನ್ನು ಬಾಯಿಗೆ ಬಂದಂತೆ ಬೈದೆ. ಅವರು ಪೂರ್ತಿ ಕೇಳಿಸಿಕೊಂಡರು.

"ಅವನು ಕೊಡಲ್ಲ ಅಂದ್ನಾ?"

"ನಾನು ಕೇಳಿಲ್ಲ ಅತ್ತೆ."

"ಕೇಳೇ ಇಲ್ಲ ಅಂದ್ಮೇಲೆ ಅವನ ಮೇಲೆ ಯಾಕೆ ಸಿಟ್ಟು? ಅಲ್ಲ ಕಣೇ, ಊರಿನ ಜನದ ಹತ್ರ ಎಲ್ಲ ಕೈ ಚಾಚಿ ಟಿಕೆಟ್ಟಿನ ದುಡ್ಡು ವಸೂಲಿ ಮಾಡಿದೋಳು ನೀನು. ಕುಡುಕರ ಹತ್ರ ಬಿಟ್ಟೆಯಾ? ಪೊಲೀಸರ ಹತ್ರ ಬಿಟ್ಟೆಯಾ? ನಿನ್ನ ದುಡ್ಡು ಕೇಳೋಕೆ ಮಾತ್ರ ಬಾಯಿಗೆ ಬೀಗ."

"ಅದು ಬಸ್ಸಿನ ದುಡ್ಡು ಅತ್ತೆ. ನನ್ನದಲ್ಲ, ಅದಕ್ಕೇ ಸುಲಭ."

"ಹಾಗಾದ್ರೆ ಇದನ್ನೂ ಲಾರಿ ದುಡ್ಡು ಅಂದ್ಕೊಂಡು ಕೇಳು" ಎಂದು ಕಾಲು ಚಾಚಿಕೊಂಡರು.

ಜುಲೈ ೮, ಸೋಮವಾರ

ಇದನ್ನು ನಿಧಾನವಾಗಿ ಬರೆಯಬೇಕು. ಒಂದು ಮಾತೂ ಬಿಡಬಾರದು.

ಬೆಳಗ್ಗೆ ಬೇಗ ಆಫೀಸಿಗೆ ಹೋದೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಬಾಯಿಪಾಠ ಮಾಡಿಕೊಂಡಿದ್ದೆ. ಬಾಗಿಲು ದಾಟುತ್ತಲೇ ಎಲ್ಲ ಆವಿಯಾಯಿತು. ಮ್ಯಾನೇಜರ್, "ಬನ್ನಿ ಬನ್ನಿ" ಎಂದು ನಕ್ಕರು. ನಾನು "ಸಂಬಳದ ವಿಷಯ ಸರ್" ಎಂದದ್ದೇ ತಡ, "ಈಗ ಸ್ವಲ್ಪ ಬಿಜಿ, ಆಮೇಲೆ ನೋಡೋಣ" ಎಂದು ಫೋನ್ ಎತ್ತಿಕೊಂಡರು.

ಮಾರ್ಚಿನಲ್ಲಾಗಿದ್ದರೆ ಬಂದುಬಿಡುತ್ತಿದ್ದೆ. ಇವತ್ತು ಕಾಲು ಹೊರಡಲಿಲ್ಲ.

ಬಸ್ಸಿನಲ್ಲಿ ಟಿಕೆಟ್ ತಪ್ಪಿಸಲು ನಿದ್ದೆ ಬಂದಂತೆ ನಟಿಸುವವರಿರುತ್ತಾರೆ. ಕಣ್ಣು ಮುಚ್ಚಿ, ತಲೆ ಕಿಟಕಿಗೆ ಆನಿಸಿರುತ್ತಾರೆ. ಹೊಸ ಕಂಡಕ್ಟರುಗಳು ಅವರನ್ನು ಅಲುಗಾಡಿಸುತ್ತಾರೆ, ಕೂಗಾಡುತ್ತಾರೆ. ಅದರಿಂದ ಏನೂ ಆಗದು, ನಿದ್ದೆ ಇನ್ನೂ ಗಾಢವಾಗುತ್ತದೆ. ಹಳಬರು ಮಾಡುವುದು ಒಂದೇ: ಸೀಟಿನ ಪಕ್ಕ ಸುಮ್ಮನೆ ನಿಲ್ಲುವುದು. ಯಾರೋ ಪಕ್ಕದಲ್ಲಿ ನಿಂತಿದ್ದಾರೆಂದು ಗೊತ್ತಿದ್ದೂ ಕಣ್ಣು ಮುಚ್ಚಿಕೊಂಡಿರುವುದು ಬಹಳ ಕಷ್ಟ.

ನಾನು ಮೇಜಿನ ಪಕ್ಕ ನಿಂತೆ.

ಅವರು ಒಂದು ಫೋನ್ ಮುಗಿಸಿ ಇನ್ನೊಂದಕ್ಕೆ ಮಾಡಿದರು. ಕಂಪ್ಯೂಟರ್ ನೋಡಿದರು. ಡ್ರಾಯರ್ ತೆಗೆದರು, ಮುಚ್ಚಿದರು. ಲೆಕ್ಕ ನೋಡುವ ಹುಡುಗಿ ತಲೆ ತಗ್ಗಿಸಿಕೊಂಡೇ ಓರೆಗಣ್ಣಲ್ಲಿ ನೋಡುತ್ತಿದ್ದಳು.

"ಇನ್ನೂ ಇದ್ದೀರಾ?"

"ಇದ್ದೀನಿ ಸರ್."

"ನಾಳೆ ಬನ್ನೀಮ್ಮಾ."

"ನಾಳೆ ಗಾಜಿನ ಲೋಡಿದೆ ಸರ್. ಅವರು ನನ್ನನ್ನೇ ಕೇಳಿದ್ದಾರಂತೆ."

ಫೋನ್ ಕೆಳಗಿಟ್ಟರು. "ನೋಡಿ, ಹೊಸಬರಿಗೆ ಎಲ್ಲ ಕಡೆ ಕಮ್ಮೀನೇ ಕೊಡೋದು. ಇದೇನು ನಮ್ಮಲ್ಲಿ ಮಾತ್ರ ಅಲ್ಲ."

"ಗೊತ್ತು ಸರ್. ಅದಕ್ಕೇ ಮೂರು ತಿಂಗಳು ಏನೂ ಕೇಳಲಿಲ್ಲ. ಈಗ ಮೂರು ತಿಂಗಳು ಮುಗೀತು."

"ಆರು ತಿಂಗಳು ಮಾಡಿದ್ದೀವಿ ಅಂತ ಹೇಳಿದ್ನಲ್ಲ."

"ನೀವು ಹೇಳಿದ್ರಿ. ನಾನು ಹೂಂ ಅಂದಿಲ್ಲ, ಪೇಂಟರ್ ಕೂಡ ಅಂದಿಲ್ಲ."

ಈ ಮಾತು ನನ್ನ ಬಾಯಿಂದ ಬಂದದ್ದೇ? ಬಂತು. ದನಿ ಏರಲೂ ಇಲ್ಲ. 'ಮುಂದಿನ ಸ್ಟಾಪಿಗೆ ಎರಡು ಟಿಕೆಟ್ಟಾ?' ಎಂದು ಕೇಳುವ ದನಿಯೇ ಅದು. ಅದೇ ದನಿಯಲ್ಲಿ ಮುಂದುವರಿಸಿದೆ. ಈ ತಿಂಗಳಿಂದ ನಮ್ಮಿಬ್ಬರಿಗೂ ಪೂರ್ತಿ ದರ. ಗಾಜಿನ ಲೋಡಿಗೆ ಅದರ ಮೇಲೆ ಸ್ವಲ್ಪ. ಮತ್ತೆ ಗೇಟಿನಲ್ಲಿ ಎರಡು ಗಂಟೆ ದಾಟಿ ಕಾದರೆ ಎಲ್ಲ ಡ್ರೈವರುಗಳಿಗೂ ಕಾದದ್ದಕ್ಕೆ ದುಡ್ಡು.

"ಕಾಯೋದಕ್ಕೆ ಯಾರಾದ್ರೂ ದುಡ್ಡು ಕೊಡ್ತಾರೇನ್ರೀ?"

"ಗಾಜಿನ ಕಾರ್ಖಾನೆಯವರು ನಿಮಗೆ ಕೊಡ್ತಾರಂತಲ್ಲ ಸರ್."

ಅವರ ನಗು ಮೊದಲ ಸಲ ಮುಖದಿಂದ ಇಳಿದದ್ದು ನೋಡಿದೆ. ಇಳಿದ ಮೇಲೆ ಅವರೂ ನಮ್ಮ ಹಾಗೇ ಸುಸ್ತಾದ ಒಬ್ಬ ಮನುಷ್ಯ.

"ನನ್ನನ್ನ ಹೆದರಿಸ್ತಿದ್ದೀರಾ?"

"ಇಲ್ಲ ಸರ್. ಕೇಳ್ತಿದ್ದೀನಿ."

"ಮಾಲೀಕರ ಹತ್ರ ಮಾತಾಡಬೇಕು."

"ಮಾತಾಡಿ ಸರ್. ನಿಂತಿರ್ತೀನಿ."

"ಎಷ್ಟು ಹೊತ್ತು ಅಂತ ನಿಂತಿರ್ತೀರಿ?"

"ಕಾಯೋದು ನೀವೇ ಕಲಿಸಿದ್ದು ಸರ್. ಗೇಟಿನಲ್ಲಿ ಇಡೀ ದಿನ ಬಿಸಿಲಲ್ಲಿ ಕೂತು ಅಭ್ಯಾಸ ಆಗಿದೆ. ಇಲ್ಲಿ ಫ್ಯಾನ್ ಬೇರೆ ಇದೆ."

ಲೆಕ್ಕದ ಹುಡುಗಿಗೆ ತಡೆಯಲಾಗಲಿಲ್ಲ, ಕಿಸಕ್ಕನೆ ನಕ್ಕುಬಿಟ್ಟಳು. ಮ್ಯಾನೇಜರ್ ಅವಳನ್ನು ನೋಡಿದರು, ನನ್ನನ್ನು ನೋಡಿದರು, ಎದ್ದು ಒಳಕೋಣೆಗೆ ಹೋದರು. ಹೊರಗೆ ಬರುವಷ್ಟರಲ್ಲಿ ನನಗೆ ಕಾಲು ನೋಯತೊಡಗಿತ್ತು, ಆದರೆ ನನ್ನ ಕಾಲಿಗೆ ನೋವೇನು ಹೊಸತೇ.

"ಆಯ್ತು" ಎಂದರು. "ಮೂರೂ."

"ಬರೆದು ಕೊಡಿ ಸರ್."

"ನಂಬಿಕೆ ಇಲ್ವಾ?"

"ನಂಬಿಕೆ ಇದೆ. ಆದರೂ ದುಡ್ಡಿನ ಮಾತಾದ ಮೇಲೆ ಟಿಕೆಟ್ ಹರಿದು ಕೊಡಲೇಬೇಕಲ್ಲ ಸರ್."

ಆಗ ಅವರು ನಕ್ಕರು. ಇಷ್ಟು ದಿನ ನೋಡಿದ ನಗುವಲ್ಲ, ಬೇರೆಯದು.

ಯಾರ್ಡಿಗೆ ಬಂದು ಹೇಳಿದಾಗ ಪೇಂಟರ್ ನನ್ನನ್ನು ಎತ್ತಿಕೊಂಡು ಕುಣಿಯುವುದೊಂದು ಬಾಕಿ. ಟಾರ್ಪಾಲನ್ನೇ ಎತ್ತಿ ಗಾಳಿಗೆ ಬೀಸಿದ. ನಿಂತಿದ್ದ ಲಾರಿಗಳಿಂದ ಒಬ್ಬೊಬ್ಬರಾಗಿ ಇಳಿದು ಬಂದರು. ಯಾರೋ ಹಾರ್ನ್ ಒತ್ತಿದರು, ಅದಕ್ಕೆ ಇನ್ನೊಂದು ಲಾರಿ ಉತ್ತರ ಕೊಟ್ಟಿತು, ಆಮೇಲೆ ಯಾರ್ಡಿಗೆ ಯಾರ್ಡೇ ಕೂಗಿತು.

ಕೆಮ್ಮಣ್ಣ ತಮ್ಮ ಗಾಡಿಯ ಮೆಟ್ಟಿಲ ಮೇಲೆ ಕೂತಿದ್ದರು. ಹತ್ತಿರ ಹೋದೆ.

"ಎಲ್ಲರಿಗೂನಾ?" ಎಂದರು, ಕೆಮ್ಮದೆಯೇ.

"ಎಲ್ಲರಿಗೂ ಅಣ್ಣ. ನಿಮಗೂ."

ಒಂದು ಸಲ ಕೆಮ್ಮಿದರು. ಮಾತು ಬರುತ್ತದೆಂದು ಕಾದೆ. ಬರಲಿಲ್ಲ. ನನ್ನ ತಲೆಯ ಮೇಲೆ ಕೈಯಿಟ್ಟು, ಎದ್ದು, ಟಯರಿನ ಗಾಳಿ ನೋಡಲು ಹೋದರು.

ಆಗಸ್ಟ್ ೫, ಸೋಮವಾರ

ಸಂಬಳ ಬಂತು, ಸರಿಯಾಗಿದೆ. ಇವರ ಕೈಗೆ ಅಂಗಡಿಯ ಬಾಡಿಗೆ ಕೊಟ್ಟೆ. ಹೋಟೆಲಿನವರಿಗೆ ಫೋನ್ ಮಾಡಿ, ಬರುವುದಿಲ್ಲ ಎಂದು ಹೇಳಿದರು. ಹೇಳಿದ ಮೇಲೆ ಕಿಟಕಿಯ ಹತ್ತಿರ ಹೋಗಿ ನಿಂತರು. ನಾನು ಅವರ ಇಸ್ತ್ರಿ ತೆಗೆದುಕೊಂಡು ನನ್ನದೇ ಒಂದು ಅಂಗಿ ಸುಟ್ಟೆ. ಬಹಳ ಹೊತ್ತು ನಕ್ಕೆವು.

ಯಾರ್ಡಿಗೆ ಇವತ್ತು ಹೊಸಬಳೊಬ್ಬಳು ಸೇರಿದ್ದಾಳೆ, ಮೊದಲು ಆಸ್ಪತ್ರೆಯಲ್ಲಿ ಸ್ಟ್ರೆಚರ್ ತಳ್ಳುತ್ತಿದ್ದಳಂತೆ. ಮ್ಯಾನೇಜರ್ ನನ್ನ ಜೊತೆ ಹಾಕಿದ್ದಾರೆ. ಮೊದಲು ಕೇಳಿದ್ದೇ, "ನಿಜವಾಗಿ ಎಷ್ಟು ಬರುತ್ತೆ ಅಕ್ಕ?"

ಹೇಳಿದೆ. ಶುರುವಿನಲ್ಲಿ ಅರ್ಧ ಅಂದ್ಕೋ, ಮೂರೇ ತಿಂಗಳು, ನಾಲ್ಕನೆಯದಕ್ಕೆ ಒಪ್ಪಬೇಡ. ಕಿಲೋಮೀಟರಿನ ದರ ಎಷ್ಟು, ಗೇಟಿನಲ್ಲಿ ಕಾದರೆ ಎಷ್ಟು, ಗಾಡಿಗೆ ಗೀರಾದರೆ ಎಷ್ಟು ಹಿಡೀತಾರೆ, ಇವತ್ತೇ ಹೋಗಿ ಕೇಳಿಕೊಂಡು ಬಾ. ಅವಳು ಹಿಂಜರಿದಳು. ಇಷ್ಟು ಸಣ್ಣ ವಿಷಯ ಕೇಳಲು ಈ ಹುಡುಗಿಯರಿಗೆ ಯಾಕಿಷ್ಟು ಸಂಕೋಚವೋ ನನಗಂತೂ ಅರ್ಥವಾಗುವುದಿಲ್ಲ.

ಆಗಸ್ಟ್ ೧೮, ಭಾನುವಾರ

ಅತ್ತೆಯನ್ನು ಲಾರಿಯಲ್ಲಿ ಕೂರಿಸಿಕೊಂಡು ಹೋದೆ.

ಖಾಲಿ ಗಾಡಿಯನ್ನು ಯಾರ್ಡಿನಿಂದ ಕಾರ್ಖಾನೆಗೆ ಬಿಡಬೇಕಿತ್ತು. ಅತ್ತೆಯನ್ನು ಕರೆದುಕೊಂಡು ಹೋಗುತ್ತಿದ್ದೇನೆ ಎಂದು ಮ್ಯಾನೇಜರಿಗೆ ಹೇಳಿದೆ. ಹುಷಾರು ಎಂದರು. ಅತ್ತೆ ಒಳ್ಳೆಯ ಬಟ್ಟೆ ಉಟ್ಟು, ಕೈಚೀಲ ಹಿಡಿದು, ಮದುವೆಗೆ ಹೊರಟವರಂತೆ ಬಂದರು. ಮೂರು ಮೆಟ್ಟಿಲು ಹತ್ತಿಸಲು ಮೂರು ಜನ ಬೇಕಾಯಿತು. ಕೆಳಗಿನಿಂದ ಪೇಂಟರ್ ಮತ್ತು ಇವರು ತಳ್ಳಿದರು, ಮೇಲಿನಿಂದ ನಾನು ಎಳೆದೆ. "ಹಿಟ್ಟಿನ ಮೂಟೆ ಅಂದ್ಕೊಂಡಿದ್ದೀರೇನ್ರೋ" ಎಂದು ನಡುವೆ ಅತ್ತೆ ಗದರಿಸುತ್ತಿದ್ದರು.

ನಮ್ಮ ಬೀದಿಯ ಮುಂದಿನ ದೊಡ್ಡ ರಸ್ತೆಯಿಂದಲೇ ಹೋದೆ. ಜನ ತಲೆ ಎತ್ತಿ ನೋಡಿದರು. ಅತ್ತೆ ಯಾರನ್ನೂ ನೋಡಲಿಲ್ಲ. ಕತ್ತು ನೆಟ್ಟಗೆ ಮಾಡಿಕೊಂಡು ಮುಂದೆ ಮಾತ್ರ ನೋಡುತ್ತಿದ್ದರು. ಊರು ದಾಟಿದ ಮೇಲೆ ನಿಧಾನವಾಗಿ ಚೀಲ ಕೆಳಗಿಟ್ಟರು, ಬೆನ್ನು ಸೀಟಿಗೆ ಆನಿಸಿದರು. ಮಳೆ ಬಂದು ಹೋಗಿತ್ತು. ಹೊಲಗಳು ತೊಳೆದಿಟ್ಟ ಹಾಗಿದ್ದವು, ರಸ್ತೆ ಹೊಳೆಯುತ್ತಿತ್ತು. ಕಾರುಗಳು ನಮ್ಮ ಕೆಳಗೆ ಆಟದ ಸಾಮಾನಿನಂತೆ ಹೋಗುತ್ತಿದ್ದವು. ಬೆಟ್ಟದ ಏರಿನಲ್ಲಿ ಗೇರು ಬದಲಿಸಿದೆ, ಗಾಡಿ ಗುಡುಗಿ ಮೇಲೇರಿತು. ತುದಿಗೆ ಬಂದಾಗ ಬಯಲೆಲ್ಲ ಒಮ್ಮೆಲೇ ತೆರೆದುಕೊಂಡಿತು.

ಅತ್ತೆ ಬಯಲನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ಯಾರಿಗೂ ಕೇಳಿಸಬಾರದು ಅನ್ನುವಂತೆ ದನಿ ತಗ್ಗಿಸಿ ಕೇಳಿದರು.

"ಅಲ್ಲ ಕಣೇ, ಇದಕ್ಕೆ ಅವರು ನಿನಗೆ ದುಡ್ಡು ಬೇರೆ ಕೊಡ್ತಾರಾ?"